ಮಳೆಗಾಲಕ್ಕೊಂದು ಲೆಕ್ಕ, ಕೊಯ್ಲಿಗೊಂದು ಲೆಕ್ಕ: ಕೊಡಗಿನ ಎಳೆ ಮಕ್ಕಳ ಅಪ್ಪ ಅಮ್ಮಂದಿರಿಗೆ

ಎಳೆ ಮಕ್ಕಳಿರುವವರ ಫೋನಿಗೆ ಬಂದು ಬೀಳುವ ಸಲಹೆಗಳಲ್ಲಿ ಮುಕ್ಕಾಲು ಪಾಲು, ಬಿಸಿಲು, ಕರೆಂಟು, ನೆಟ್‌ವರ್ಕ್ ಮೂರೂ ವರ್ಷವಿಡೀ ಇರುವ ಊರಿನವರು ಬರೆದದ್ದು. ದಿನಾ ಸಂಜೆ ಮಗುವನ್ನು ಪಾರ್ಕಿಗೆ ಕರೆದುಕೊಂಡು ಹೋಗಿ ಅನ್ನುತ್ತಾರೆ. ಜುಲೈ ತಿಂಗಳಲ್ಲಿ ನಾಪೋಕ್ಲಿನಲ್ಲಿ ಕೂತು ಇದನ್ನು ಓದುವ ತಾಯಿ ಏನು ಮಾಡಬೇಕು? ಸಿದ್ದಾಪುರದ ಕಡೆ ಆನೆ ಓಡಾಡುವ ತೋಟದ ಪಕ್ಕದಲ್ಲಿರುವವರು ಸಂಜೆ ಆರರ ಮೇಲೆ ಮಗುವನ್ನು ಎಲ್ಲಿಗೆ ಕರೆದೊಯ್ಯಬೇಕು? ಆದರೂ ಓದಿ ಮುಗಿಸುವಷ್ಟರಲ್ಲಿ ನಾವೇ ಏನೋ ಕಮ್ಮಿ ಮಾಡುತ್ತಿದ್ದೇವೆ ಎಂಬ ಚುಚ್ಚು ಮನಸ್ಸಿನಲ್ಲಿ ಉಳಿದಿರುತ್ತದೆ.

ಕೊಡಗಿನಲ್ಲಿ ಮಕ್ಕಳನ್ನು ಬೆಳೆಸುವವರು ವರ್ಷಪೂರ್ತಿ ಒಂದೇ ಅಳತೆ ಇಟ್ಟುಕೊಂಡರೆ ಯಾವತ್ತೂ ಸಾಲದು. ಆಷಾಢದ ಮನೆ ಬೇರೆ, ಕಾಫಿ ಕೊಯ್ಲಿನ ಮನೆ ಬೇರೆ, ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿನ ಮನೆ ಇನ್ನೂ ಬೇರೆ. ನಮ್ಮಿಂದ ನಾವು ಬಯಸುವುದೂ ಕಾಲಕ್ಕೆ ತಕ್ಕಂತೆ ಏರಬೇಕು, ಇಳಿಯಬೇಕು. ಅದನ್ನು ಹೇಗೆ ಮಾಡಿಕೊಳ್ಳುವುದು ಎಂದು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಎಲ್ಲವೂ ಎಲ್ಲರಿಗೂ ಒಪ್ಪುವುದಿಲ್ಲ, ಬೇಕಾದ್ದು ತೆಗೆದುಕೊಳ್ಳಿ.

1. ವರ್ಷವನ್ನು ಕಾಗದದ ಮೇಲೆ ಇಳಿಸಿ

ಹನ್ನೆರಡು ತಿಂಗಳ ಹೆಸರು ಬರೆದು, ಯಾವ ತಿಂಗಳು ನಿಮ್ಮ ಮನೆಗೆ ಉಸಿರಾಡಲು ಬಿಡುವುದಿಲ್ಲ ಎಂದು ಗುರುತು ಹಾಕಿ. ಅರೇಬಿಕಾ ಇರುವವರಿಗೆ ನವೆಂಬರಿನಿಂದ ಜನವರಿ, ರೋಬಸ್ಟಾ ಇರುವವರಿಗೆ ಜನವರಿಯಿಂದ ಮಾರ್ಚ್. ಬೆನ್ನಿಗೇ ಕಾಳುಮೆಣಸು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರು, ರಾತ್ರಿಯೆಲ್ಲ ಮೋಟಾರು. ಹೋಮ್‌ಸ್ಟೇ ನಡೆಸುವವರಿಗೆ ಡಿಸೆಂಬರ್ ಕೊನೆಯ ವಾರ, ಏಪ್ರಿಲ್, ಮೇ, ಮತ್ತೆ ಸಾಲು ರಜೆ ಬಂದಾಗಲೆಲ್ಲ. ಬ್ಯಾಂಕು, ಸಹಕಾರ ಸಂಘದಲ್ಲಿರುವವರಿಗೆ ಮಾರ್ಚ್. ಟೀಚರುಗಳಿಗೆ ಜೂನ್. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿದ್ದು ಕಿಲೋ ಲೆಕ್ಕದಲ್ಲಿ ಕಾಫಿ ಕೊಯ್ಯುವ ತಾಯಿಗಂತೂ ಕೊಯ್ಲೇ ನಾಲ್ಕು ಕಾಸು ಕೂಡಿಡುವ ಕಾಲ. ಜನವರಿಯಲ್ಲಿ ಅವಳ ಮುಂದೆ ನಿಂತು ‘ಮಗುವಿಗೆ ಸಮಯ ಕೊಡಿ’ ಎಂದು ಉಪದೇಶ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವಳಿಗೆ ಬೇಕಿರುವುದು ಮಗುವನ್ನು ಬಿಡಲು ಒಂದು ನಂಬಿಕೆಯ ಜಾಗ. ಮೂರು ದಾಟಿದ ಮಕ್ಕಳಿಗೆ ಅಂಗನವಾಡಿ ಇದೆ. ಅದಕ್ಕಿಂತ ಸಣ್ಣವರಿಗಾಗಿ ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶುರುವಾಗಿದೆ. ನಿಮ್ಮ ಪಂಚಾಯಿತಿಯಲ್ಲಿ ಉಂಟಾ ಎಂದು ಕೊಯ್ಲು ಶುರುವಾಗುವ ಮೊದಲೇ, ಅಕ್ಟೋಬರಿನಲ್ಲೇ ವಿಚಾರಿಸಿಡಿ.

ಗುರುತು ಹಾಕಿದ ಪ್ರತಿ ತಿಂಗಳ ಎದುರು, ಆ ತಿಂಗಳು ನೀವು ಬಿಟ್ಟುಬಿಡುವ ಕೆಲಸಗಳನ್ನು ಬರೆಯಿರಿ. ಬಿಡುವುದನ್ನೇ ಬರೆಯಬೇಕು; ಮಾಡಬೇಕಾದ್ದು ಹೇಗೂ ತಲೆಯಲ್ಲಿ ಕೂತಿರುತ್ತದೆ. ಇಸ್ತ್ರಿ. ಎರಡು ಬಗೆಯ ಪಲ್ಯ. ಭಾನುವಾರ ನೆಂಟರ ಮನೆ. ನೆಲ ದಿನಾ ಒರೆಸುವುದು. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ಮಾಡಿದ ಅಕ್ಕಿ ರೊಟ್ಟಿಯೇ ಮಕ್ಕಳಿಗೆ ಮಧ್ಯಾಹ್ನಕ್ಕೂ ಆದರೆ ಆಗಲಿ, ಜೊತೆಗೊಂದು ಮೊಟ್ಟೆ, ಒಂದು ಬಾಳೆಹಣ್ಣು ಇದ್ದರೆ ಅದು ಊಟವೇ. ಮದುವೆ, ನಾಮಕರಣಗಳಿಗೆ ಇಬ್ಬರಲ್ಲಿ ಒಬ್ಬರು ಹೋಗಿ ಮುಖ ತೋರಿಸಿ ಬಂದರೆ ಸಾಕು ಎಂದು ಮೊದಲೇ ತೀರ್ಮಾನ ಮಾಡಿಕೊಳ್ಳಿ. ಆ ದಿನ ಬೆಳಿಗ್ಗೆ ಈ ಚರ್ಚೆ ಶುರುವಾದರೆ ಅದು ಜಗಳದಲ್ಲೇ ಮುಗಿಯುವುದು.

ಹೋಮ್‌ಸ್ಟೇ, ಹೋಟೆಲ್, ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ವಾರಕ್ಕೂ ಹೀಗೇ ಮಾಡಬೇಕು. ಶನಿವಾರ, ಭಾನುವಾರ ಅತಿಥಿಗಳಿಗೆ ಹೋದರೆ ನಿಮ್ಮ ಭಾನುವಾರ ಮಂಗಳವಾರಕ್ಕೆ ಬರಲಿ. ಅಂಗನವಾಡಿಗೆ ಹೋಗುವ ಮಗುವನ್ನು ಅಪರೂಪಕ್ಕೊಮ್ಮೆ ಮಂಗಳವಾರ ಮನೆಯಲ್ಲಿ ಉಳಿಸಿಕೊಂಡರೆ ಯಾವ ಪಾಠವೂ ತಪ್ಪುವುದಿಲ್ಲ.

ಒಂದು ಎಚ್ಚರಿಕೆ ಮಾತ್ರ ಇದೆ: ಲಸಿಕೆಯನ್ನು ಈ ‘ಬಿಡುವ’ ಪಟ್ಟಿಗೆ ಸೇರಿಸಬೇಡಿ. ಒಂಬತ್ತು ತಿಂಗಳ ದಡಾರ-ರುಬೆಲ್ಲಾ ಲಸಿಕೆ ಕೊಯ್ಲು ಮುಗಿಯಲಿ ಎಂದು ಕಾಯುವುದಿಲ್ಲ.

2. ಬಿಡದೇ ಇರುವುದು ಮೂರೇ ಇರಲಿ

ಎಲ್ಲ ಬಿಟ್ಟ ಮೇಲೆ ಏನು ಉಳಿಸಿಕೊಳ್ಳಬೇಕು? ನಾನಾದರೆ ಮೂರು ಹೇಳುತ್ತೇನೆ: ಮಗುವಿನ ನಿದ್ದೆ, ಹೊಟ್ಟೆ, ಮತ್ತೆ ದಿನಕ್ಕೊಮ್ಮೆ ಹತ್ತು ಹದಿನೈದು ನಿಮಿಷ ಫೋನು ಕೆಳಗಿಟ್ಟು ಮಗುವಿನ ಜೊತೆ ನೆಲದ ಮೇಲೆ ಕೂರುವುದು.

ಹದಿನೈದು ನಿಮಿಷ ಏನು ಸಾಲುತ್ತದೆ ಎಂದು ಅನ್ನಿಸಬಹುದು. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಿಂದ ತಾಯಿ ಮತ್ತು ಕೂಸು ಎದುರುಬದುರು ಕೂತು ಆಡುವುದನ್ನು ಚಿತ್ರೀಕರಿಸಿ, ಕ್ಷಣ ಕ್ಷಣವಾಗಿ ಅಭ್ಯಾಸ ಮಾಡಿದವರು. ಚೆನ್ನಾಗಿರುವ ಜೋಡಿಗಳಲ್ಲೂ ಇಬ್ಬರ ಭಾವ ಒಂದಕ್ಕೊಂದು ಹೊಂದಿಕೊಂಡಿದ್ದದ್ದು ಸುಮಾರು ಮೂರನೇ ಒಂದು ಭಾಗದ ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಪ್ಪುವುದು, ಮತ್ತೆ ಸರಿಮಾಡಿಕೊಳ್ಳುವುದು. ಆ ಸರಿಮಾಡಿಕೊಳ್ಳುವುದರಲ್ಲೇ ಮಗು ಕಲಿಯುತ್ತದೆ ಎಂಬುದು ಅವರ ವಾದ. ಹಾಗಾಗಿ ಬೆಳಿಗ್ಗೆ ಶಾಲೆ ವ್ಯಾನು ಬರುವ ಹೊತ್ತಿಗೆ ಮಗುವಿನ ಮೇಲೆ ರೇಗಿದ್ದರೆ, ಸಂಜೆ ‘ಬೆಳಿಗ್ಗೆ ನಾನು ಜೋರಾಗಿ ಕೂಗಿದೆ ಅಲ್ವಾ, ಗಡಿಬಿಡಿ ಇತ್ತು ಪುಟ್ಟ, ನಿನ್ನ ಮೇಲೆ ಕೋಪ ಇಲ್ಲ’ ಎಂದು ಹೇಳಿ ತಬ್ಬಿಕೊಳ್ಳಿ. ಅಷ್ಟೇ. ರಾತ್ರಿ ಹನ್ನೊಂದಕ್ಕೆ ಎದ್ದು ಕೂತು ಅದನ್ನೇ ಮೆಲುಕು ಹಾಕಬೇಡಿ.

ನಿದ್ದೆಯ ಲೆಕ್ಕ: ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ ಪ್ರಕಾರ ಒಂದರಿಂದ ಎರಡು ವರ್ಷದವರಿಗೆ ದಿನಕ್ಕೆ 11ರಿಂದ 14 ತಾಸು, ಮೂರು ನಾಲ್ಕು ವರ್ಷದವರಿಗೆ 10ರಿಂದ 13 ತಾಸು, ಹಗಲಿನ ನಿದ್ದೆಯೂ ಸೇರಿ. ಬೆಳಿಗ್ಗೆ ಆರೂವರೆಗೆ ಎಬ್ಬಿಸುವ ಮಗು ರಾತ್ರಿ ಒಂಬತ್ತರ ಸುಮಾರಿಗೆ ಮಲಗಿರಬೇಕು. ಅಪ್ಪ ಕಣದಿಂದ ಬರುವುದು ತಡವಾದರೆ ಮಗುವನ್ನು ಎಚ್ಚರ ಇಟ್ಟು ಕಾಯಿಸಬೇಡಿ. ಬೆಳಿಗ್ಗೆ ಹಲ್ಲುಜ್ಜಿಸುವುದು, ಬೂಟು ಹಾಕುವುದು ಅಪ್ಪನ ಪಾಲಿಗೆ ಬರಲಿ, ಅವರಿಬ್ಬರ ಹದಿನೈದು ನಿಮಿಷ ಅಲ್ಲೇ ಸಿಗುತ್ತದೆ.

3. ಮಳೆಗಾಲಕ್ಕೆ ಮೇ ತಿಂಗಳಲ್ಲೇ ತಯಾರಾಗಿ

ಒಂದೇ ಜಿಲ್ಲೆಯಲ್ಲಿ ಎರಡು ಮಳೆಗಾಲ ಇದೆ. ಭಾಗಮಂಡಲದ ಕಡೆ ವಾರಗಟ್ಟಲೆ ಸೂರ್ಯ ಕಾಣದಿರುವಾಗ ಕುಶಾಲನಗರದಲ್ಲಿ ಬಟ್ಟೆ ಒಣಗುತ್ತಿರುತ್ತದೆ. ಇಲ್ಲಿ ಹೇಳುವುದು ಮುಖ್ಯವಾಗಿ ಭಾಗಮಂಡಲದ ಕಡೆಯವರಿಗೆ.

ಒಣಗದ ಬಟ್ಟೆಯೇ ಮಳೆಗಾಲದ ಮೊದಲ ತಲೆನೋವು. ಸೌದೆ ಒಲೆಯ ಮೇಲೆ ಕಟ್ಟಿದ ತಂತಿಯಲ್ಲಿ ಯೂನಿಫಾರಂ ಚಡ್ಡಿ, ನಾಲ್ಕು ಜೊತೆ ಸಾಕ್ಸು, ಸ್ವೆಟರು. ಎಲ್ಲಕ್ಕೂ ಹೊಗೆ ವಾಸನೆ, ಸಾಕ್ಸಿನ ಹೆಬ್ಬೆರಳಿನ ಕಡೆ ಮಾತ್ರ ಇನ್ನೂ ತೇವ. ಇದಕ್ಕೆ ಮದ್ದು ಎರಡು. ಸಾಕ್ಸು, ಒಳಚಡ್ಡಿ ಬೇಸಿಗೆಯ ಎರಡರಷ್ಟು ಇರಲಿ. ಮನೆಯಲ್ಲಿದ್ದಾಗ ಬಟ್ಟೆ ಬದಲಿಸುವುದನ್ನು ಅರ್ಧಕ್ಕೆ ಇಳಿಸಿ. ಸೊಂಟದ ಹತ್ತಿರ ಸಾಂಬಾರ್ ಕಲೆ ಆದ ಅಂಗಿಯಲ್ಲೇ ಮಗು ಸಂಜೆವರೆಗೂ ಆಡಬಹುದು. ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಡಿಸುವ ಪ್ರಯತ್ನ ಜೂನಿನಲ್ಲಿ ಬೇಡವೇ ಬೇಡ. ಐದು ವರ್ಷದೊಳಗಿನ ಮಕ್ಕಳು ನಿದ್ದೆಯಲ್ಲಿ ಮೂತ್ರ ಮಾಡಿಕೊಳ್ಳುವುದನ್ನು ವೈದ್ಯರು ತೊಂದರೆ ಎಂದೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ರಬ್ಬರ್ ಶೀಟು, ಮೇಲೊಂದು ತೆಳು ಹತ್ತಿ ಬಟ್ಟೆ ಹಾಕಿ ಮಳೆಗಾಲ ದಾಟಿಸಿ, ಬಿಸಿಲು ಬಂದ ಮೇಲೆ ನೋಡಿದರಾಯಿತು.

ಚಳಿ ಎಂದು ಮಲಗುವ ಕೋಣೆಯಲ್ಲಿ ಕೆಂಡ ಇಟ್ಟು ಬಾಗಿಲು ಕಿಟಕಿ ಮುಚ್ಚುವುದು ಮಾತ್ರ ಯಾವ ಕಾರಣಕ್ಕೂ ಕೂಡದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ.

ಇನ್ನು ಮಳೆ ರಜೆ. ರಾತ್ರಿ ಎಂಟರಿಂದ ತಾಯಂದಿರ ಗ್ರೂಪಿನಲ್ಲಿ ‘ನಾಳೆ ರಜೆಯಾ?’ ಶುರು. ಯಾರೋ ಕಳೆದ ವರ್ಷದ ಆದೇಶದ ಫೋಟೋ ಹಾಕುತ್ತಾರೆ, ಇನ್ಯಾರೋ ಅದು ವಿರಾಜಪೇಟೆ ತಾಲೂಕಿಗೆ ಮಾತ್ರ ಅನ್ನುತ್ತಾರೆ, ಜಿಲ್ಲಾಧಿಕಾರಿಗಳ ನಿಜವಾದ ಆದೇಶ ಕೆಲವೊಮ್ಮೆ ಬೆಳಿಗ್ಗೆ ಬರುತ್ತದೆ. ಅಷ್ಟರಲ್ಲಿ ಡಬ್ಬಿ ತುಂಬಿಸಿ ಆಗಿರುತ್ತದೆ. ಈ ಸಂಕಟಕ್ಕೆ ನಾನು ಕಂಡ ಒಳ್ಳೆ ಉಪಾಯ: ಅಕ್ಕಪಕ್ಕದ ಮೂರು ನಾಲ್ಕು ಮನೆಯವರು ಮೇ ತಿಂಗಳಲ್ಲೇ ಕೂತು ಸರದಿ ಹಾಕಿಕೊಳ್ಳುವುದು. ಮೊದಲ ರಜೆಗೆ ಮಕ್ಕಳೆಲ್ಲ ಒಂದು ಮನೆಗೆ, ಎರಡನೆಯದಕ್ಕೆ ಇನ್ನೊಂದು ಮನೆಗೆ. ಊಟ ಗಂಜಿ, ಉಪ್ಪಿನಕಾಯಿ ಆದರೂ ಯಾರೂ ಮಾತಾಡಬಾರದು ಎಂಬ ಒಪ್ಪಂದ ಇರಲಿ. ಯಾವ ಮನೆಯ ದಾರಿಯಲ್ಲಿ ತೋಡು ಉಕ್ಕುತ್ತದೆ, ಎಲ್ಲಿ ಬರೆ (ಮಣ್ಣಿನ ಇಳಿಜಾರು) ಕುಸಿಯುವ ಭಯ ಇದೆ ಎಂಬುದನ್ನೂ ನೋಡಿಯೇ ಸರದಿ ಹಾಕಬೇಕು. 2018ರ ಆಗಸ್ಟಿನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ಯಾರೂ ಇಲ್ಲದವರು ಮಳೆಗಾಲಕ್ಕೆಂದೇ ನಾಲ್ಕೈದು ಸಿ.ಎಲ್. ಉಳಿಸಿಡಿ.

ಮನೆಯೊಳಗೆ ಮಗುವಿನ ಮೈ ದಣಿಯಬೇಕಲ್ಲ? ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಐದು ವರ್ಷದೊಳಗಿನ ಓಡಾಡುವ ಮಕ್ಕಳಿಗೆ ದಿನಕ್ಕೆ 180 ನಿಮಿಷ ಚಟುವಟಿಕೆ ಬೇಕು ಅನ್ನುತ್ತದೆ. ಕೇಳಲು ದೊಡ್ಡದು, ಆದರೆ ಜಗಲಿಯ ಈ ತುದಿಯಿಂದ ಆ ತುದಿಗೆ ಓಡುವುದು, ಮೆಟ್ಟಿಲು ಹತ್ತಿಳಿಯುವುದು, ಸೌದೆ ಚೂರು ಬುಟ್ಟಿಗೆ ತುಂಬಿಸಿ ತರುವುದು ಎಲ್ಲವೂ ಅದರಲ್ಲೇ ಸೇರುತ್ತದೆ. ಮಳೆ ಸ್ವಲ್ಪ ಬಿಟ್ಟಾಗ ಗಂಬೂಟು ಹಾಕಿಸಿ ಅಂಗಳಕ್ಕೆ ಬಿಡಿ. ಜಿಗಣೆ ಹತ್ತುತ್ತದೆ, ಹತ್ತಲಿ. ಬಂದ ಮೇಲೆ ಕಾಲು ನೋಡಿ ತೆಗೆದರಾಯಿತು. ಕೆರೆ ಮತ್ತು ತೆರೆದ ಬಾವಿಯ ಹತ್ತಿರ ಮಾತ್ರ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ.

4. ರಾತ್ರಿಯನ್ನು ಹಂಚಿಕೊಳ್ಳಿ

ಸುಸ್ತಾಗಿರುವ ಅಪ್ಪ ಅಮ್ಮಂದಿರಿಗೆ ಯೋಗ, ಧ್ಯಾನ, ಡೈರಿ ಬರೆಯುವುದು ಎಂದೆಲ್ಲ ಹೇಳುವ ಮೊದಲು ನಿದ್ದೆಯ ವಿಷಯ ಮಾತಾಡಬೇಕು. ಇಬ್ಬರೂ ಅರ್ಧಂಬರ್ಧ ಎಚ್ಚರವಿದ್ದು ಇಬ್ಬರೂ ಕೆಡುವ ಬದಲು, ರಾತ್ರಿ ಒಂದು ಗಂಟೆವರೆಗೆ ಒಬ್ಬರು, ಆಮೇಲೆ ಇನ್ನೊಬ್ಬರು ಎಂದು ಪಾಳಿ ಮಾಡಿ. ಎದೆಹಾಲು ಕುಡಿಸುವ ತಾಯಿ ಏಳಲೇಬೇಕಾದರೂ, ಕುಡಿಸಿದ ಮೇಲೆ ತೇಗು ಬರಿಸಿ ಮಲಗಿಸುವ ಕೆಲಸ ಗಂಡನದ್ದಾಗಲಿ.

ಕಾಫಿ ಬೆಳೆಯುವ ನಾಡಿನಲ್ಲಿ ಈ ಮಾತು ಹೇಳುವುದು ಧೈರ್ಯದ ಕೆಲಸ: ಮಧ್ಯಾಹ್ನ ಮೂರರ ನಂತರದ ಕಾಫಿ ಬಿಡಿ. ಕುಡಿದ ಕೆಫೀನು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಐದು ತಾಸು ಬೇಕು. ರೋಬಸ್ಟಾದಲ್ಲಿ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು ಕೆಫೀನು ಇರುತ್ತದೆ, ಮನೆಬಳಕೆಗೆ ನಮ್ಮಲ್ಲಿ ಹೆಚ್ಚಾಗಿ ಪುಡಿಯಾಗುವುದು ಅದೇ. ಬಿಡಲು ಆಗದವರು ಸಂಜೆ ಅರ್ಧ ಲೋಟಕ್ಕೆ ಇಳಿಸಿ ನೋಡಿ.

5. ಕೆಲಸ ಕೊಡುವಾಗ ಪೂರ್ತಿ ಕೊಡಿ

‘ಏನಾದ್ರೂ ಹೆಲ್ಪ್ ಬೇಕಿದ್ರೆ ಹೇಳು’ ಎಂದು ಗಂಡ ಹೇಳಿದಾಗ ಹೆಂಡತಿಗೆ ಯಾಕೆ ಮೈಯುರಿಯುತ್ತದೆ? ಏನು ಬೇಕು ಎಂದು ಯೋಚಿಸಿ, ನೆನಪಿಟ್ಟು, ಹೇಳುವ ಕೆಲಸ ಅವಳ ತಲೆಯಲ್ಲೇ ಉಳಿಯಿತಲ್ಲ, ಅದಕ್ಕೆ. ಹಾಗಾಗಿ ಕೆಲಸವನ್ನು ಬೇರುಸಮೇತ ಹಸ್ತಾಂತರಿಸಿ. ‘ಲಸಿಕೆ ನಿಮ್ಮದು’ ಎಂದರೆ ದಿನಾಂಕ ನೆನಪಿಡುವುದು, ತಾಯಿ ಕಾರ್ಡು ಹುಡುಕುವುದು, ಕರೆದುಕೊಂಡು ಹೋಗುವುದು, ರಾತ್ರಿ ಜ್ವರ ಬಂದರೆ ನೋಡಿಕೊಳ್ಳುವುದು, ಪೂರ್ತಿ. ಕೊಟ್ಟ ಮೇಲೆ ಹಿಂದೆ ನಿಂತು ತಿದ್ದಬೇಡಿ. ಅಪ್ಪ ಹಾಕಿದ ಸ್ವೆಟರು ತಿರುವುಮುರುವು ಇದ್ದರೂ ಬೆಚ್ಚಗಿರುತ್ತದೆ.

ಗಂಡ ಸೈನ್ಯದಲ್ಲೋ ಬೆಂಗಳೂರಲ್ಲೋ ಇರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಲ್ಲಿ ಹಂಚಿಕೆ ಹೀಗೆ ನಡೆಯುವುದಿಲ್ಲ. ದೂರದಿಂದಲೇ ಆಗುವ ಕೆಲಸಗಳನ್ನು ಅವರಿಗೆ ಕೊಡಿ: ಫೀಸು ಕಟ್ಟುವುದು, ಗ್ಯಾಸ್ ಬುಕ್ ಮಾಡುವುದು, ಡಾಕ್ಟರ ಅಪಾಯಿಂಟ್‌ಮೆಂಟ್, ವಿಡಿಯೋ ಕಾಲಿನಲ್ಲಿ ಮಲಗುವ ಮುಂಚಿನ ಕಥೆ. ರಜೆಯಲ್ಲಿ ಬಂದಾಗ ಎರಡು ವರ್ಷದ ಮಗು ಮೊದಲೆರಡು ದಿನ ಅಪ್ಪನ ಹತ್ತಿರ ಸುಳಿಯದೆ ಅಮ್ಮನ ಸೆರಗು ಹಿಡಿದು ನಿಂತರೆ ಅಪ್ಪನಿಗೆ ನೋವಾಗುವುದು ಸಹಜ. ಒತ್ತಾಯ ಮಾಡಿ ಎತ್ತಿಕೊಳ್ಳಬೇಡಿ. ಹತ್ತಿರ ಕೂತು ಬೇರೇನೋ ಮಾಡುತ್ತಿರಿ, ಅದೇ ಬರುತ್ತದೆ.

ಅಜ್ಜಿ ತಾತ ಜೊತೆಗಿರುವುದು ದೊಡ್ಡ ಪುಣ್ಯ, ಹಾಗೆಂದು ಎಲ್ಲ ಮಾತಿಗೂ ಹೂಂ ಅನ್ನಬೇಕಿಲ್ಲ. ಜಗಳ ಆಡಲು ಯೋಗ್ಯವಾದ ವಿಷಯ ಎರಡೋ ಮೂರೋ ಇರುತ್ತವೆ, ಉಳಿದದ್ದಕ್ಕೆ ಸುಮ್ಮನಿರಿ. ಕಾಡಿಗೆ ಹಣೆಗಿಡಲಿ, ದೃಷ್ಟಿ ತೆಗೆಯಲಿ. ಜೇನಿನ ವಿಷಯಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲಿ: ಕೊಡಗಿನ ಜೇನು ಎಷ್ಟೇ ಶುದ್ಧವಾದರೂ ಒಂದು ವರ್ಷ ತುಂಬದ ಕೂಸಿನ ನಾಲಿಗೆಗೆ ಸವರಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳು ಕೂಸಿನ ಕರುಳಿನಲ್ಲಿ ಬೆಳೆದು ಬಾಟುಲಿಸಂ ಎಂಬ ಅಪಾಯದ ಕಾಯಿಲೆ ತರಬಲ್ಲವು. ‘ಅತ್ತೆ, ಜೇನು ಮಾತ್ರ ಒಂದು ವರ್ಷ ಆದ್ಮೇಲೆ ನೀವೇ ನಿಮ್ಮ ಕೈಯಾರೆ ತಿನ್ಸಿ, ಡಾಕ್ಟ್ರು ಅಲ್ಲೀವರೆಗೆ ಬೇಡ ಅಂದಿದ್ದಾರೆ’ ಎಂದರೆ ಮಾತೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ಡಾಕ್ಟರ ಹೆಸರು ಹೇಳುವುದು ಹಳೇ ತಂತ್ರ, ಆದರೆ ಕೆಲಸ ಮಾಡುತ್ತದೆ.

6. ಮಗುವಿನಿಂದ ಏನು ಬಯಸಬಹುದು

ಎರಡು ವರ್ಷದ ಮಗು ಗೋಣಿಕೊಪ್ಪದ ಸಂತೆಯ ನಡುವೆ ನೆಲಕ್ಕೆ ಬಿದ್ದು ಹೊರಳಾಡಿದರೆ ಅದು ನಿಮ್ಮ ಬೆಳೆಸುವಿಕೆಯ ದೋಷವಲ್ಲ. ಆ ವಯಸ್ಸಿಗೆ ಆಸೆ ದೊಡ್ಡದು, ಮಾತು ಸಾಲದು, ತಡೆದುಕೊಳ್ಳುವ ಶಕ್ತಿ ಇನ್ನೂ ಬಂದಿಲ್ಲ. ಎತ್ತಿಕೊಂಡು ಪಕ್ಕಕ್ಕೆ ಹೋಗಿ, ಮಾತು ಕಮ್ಮಿ ಮಾಡಿ, ಕಾಯಿರಿ.

ಐದು ವರ್ಷದೊಳಗಿನ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ಶೀತ ಆಗುವುದು ಮಾಮೂಲು. ಅಂಗನವಾಡಿಗೆ ಸೇರಿದ ವರ್ಷ ಇನ್ನೂ ಹೆಚ್ಚು. ಮೂಗು ಸೋರುತ್ತಾ ಆಡಿಕೊಂಡಿರುವ ಮಗುವಿನ ಬಗ್ಗೆ ಗಾಬರಿ ಬೇಡ. ಉಸಿರಾಟ ಮಾತ್ರ ನೋಡಿ: ಮಗು ಸುಮ್ಮನಿರುವಾಗ ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷಕ್ಕೆ 40 ಅಥವಾ ಹೆಚ್ಚು ಇದ್ದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋಗುತ್ತಿದ್ದರೆ, ಹಾಲು ನೀರು ಕುಡಿಯದೆ ಮಂಕಾಗಿದ್ದರೆ ಬೆಳಗಾಗಲಿ ಎನ್ನದೆ ಆಸ್ಪತ್ರೆಗೆ ಹೊರಡಿ, 108ಕ್ಕೆ ಫೋನು ಮಾಡಿ. ಮೊಬೈಲ್ ಸಿಗ್ನಲ್ ಮನೆಯ ಯಾವ ಮೂಲೆಯಲ್ಲಿ ಸಿಗುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಭಾಷೆಯ ಚಿಂತೆ ನಮ್ಮ ಜಿಲ್ಲೆಗೆ ವಿಶೇಷ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಅಂಗನವಾಡಿಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಟಿವಿಯಲ್ಲಿ ಹಿಂದಿ. ಇಷ್ಟೆಲ್ಲ ಕಿವಿಗೆ ಬಿದ್ದು ಮಗುವಿಗೆ ಮಾತು ತಡವಾಯಿತು ಎಂದು ಹೇಳುವವರ ಮಾತಿಗೆ ಆಧಾರವಿಲ್ಲ. ಮನೆಮಾತು ನಿಲ್ಲಿಸಬೇಡಿ. ಎರಡು ವರ್ಷದ ಹೊತ್ತಿಗೆ ಎಲ್ಲ ಭಾಷೆ ಸೇರಿ ಐವತ್ತರಷ್ಟು ಪದ, ಎರಡು ಪದ ಜೋಡಿಸಿದ ಮಾತು ಬರುತ್ತಿದೆಯೇ ನೋಡಿ. ಬರದಿದ್ದರೆ ಕಿವಿಯ ಪರೀಕ್ಷೆಯಿಂದ ಶುರು ಮಾಡಿ.

ಮೊಬೈಲು: ಎರಡು ವರ್ಷದೊಳಗೆ ಬೇಡ, ಎರಡರಿಂದ ನಾಲ್ಕಕ್ಕೆ ದಿನಕ್ಕೆ ಒಂದು ತಾಸಿನೊಳಗೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ನಾಲ್ಕನೇ ದಿನದ ಮಳೆಗೆ ಅದು ಎರಡು ತಾಸಾದರೆ ಆಕಾಶ ಬೀಳುವುದಿಲ್ಲ. ಊಟದ ಹೊತ್ತು ಮತ್ತು ಮಲಗುವ ಮುಂಚಿನ ಒಂದು ತಾಸು ಫೋನಿಲ್ಲದೆ ಕಳೆದರೆ ಅರ್ಧ ಗೆದ್ದಂತೆ.

7. ಇದು ಬರೀ ಸುಸ್ತಲ್ಲ ಎಂದು ಯಾವಾಗ ತಿಳಿಯುವುದು

ಹೆರಿಗೆಯಾದ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಮಂದಿಗೆ ಆಗುತ್ತದೆ, ಸಾಮಾನ್ಯವಾಗಿ ಎರಡು ವಾರದೊಳಗೆ ತಿಳಿಯಾಗುತ್ತದೆ. ಎರಡು ವಾರ ದಾಟಿಯೂ ಮನಸ್ಸು ಕುಗ್ಗಿದ್ದರೆ, ಮಗು ಮಲಗಿದಾಗಲೂ ನಿದ್ದೆ ಬಾರದಿದ್ದರೆ, ಮಗುವಿನ ಮೇಲೆ ಏನೂ ಅನ್ನಿಸದಿದ್ದರೆ ಅದು ಖಿನ್ನತೆ, ಚಿಕಿತ್ಸೆ ಇರುವ ಕಾಯಿಲೆ. ಅಪ್ಪಂದಿರಿಗೂ ಬರುತ್ತದೆ; ಅವರಲ್ಲಿ ಅದು ಸಿಡುಕಾಗಿ, ಕುಡಿತವಾಗಿ ಕಾಣಿಸಿಕೊಳ್ಳಬಹುದು. ‘ಮಳೆಗಾಲ ಅಲ್ವಾ, ಹಾಗೇ’ ಎಂದು ತಳ್ಳಿಹಾಕುವುದು ನಮ್ಮ ಕಡೆಯ ರೂಢಿ.

ಮೊದಲು ಆಶಾ ಕಾರ್ಯಕರ್ತೆಗೋ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೋ ಹೇಳಬಹುದು. ಊರಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ ಎಂಬ ಅಳುಕಿದ್ದರೆ ಟೆಲಿ ಮಾನಸ್ 14416ಕ್ಕೆ ಫೋನು ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸರ್ಕಾರಿ ಸಹಾಯವಾಣಿ ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವೂ ಇದೆ. ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಯೋಚನೆ ಸುಳಿದರೆ ಅಪಾಯಿಂಟ್‌ಮೆಂಟಿಗೆ ಕಾಯುವುದು ಬೇಡ, ಮನೆಯವರು ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.

ಡಾಕ್ಟರ ಹತ್ತಿರ ಹೋದಾಗ ಎದೆಹಾಲು ಕುಡಿಸುತ್ತಿರುವ ವಿಷಯ ಮೊದಲೇ ಹೇಳಿ. ಹಾಲೂಡಿಸುವವರಿಗೂ ಕೊಡಬಹುದಾದ ಔಷಧಿಗಳಿವೆ, ಅದಕ್ಕಾಗಿ ಹಾಲು ಬಿಡಿಸುವ ಅಗತ್ಯ ಹೆಚ್ಚಿನವರಿಗೆ ಬರುವುದಿಲ್ಲ. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಮೊದಲ ವಾರ ಏನೂ ಆಗಲಿಲ್ಲ ಎಂದೋ, ಆಮೇಲೆ ಗುಣವಾಯಿತು ಎಂದೋ ನೀವಾಗಿಯೇ ನಿಲ್ಲಿಸಬೇಡಿ. ಮುಂದಿನ ಸಲ ಯಾವಾಗ ಬರಬೇಕು ಎಂದು ಚೀಟಿಯಲ್ಲೇ ಬರೆಸಿಕೊಂಡು, ಆ ದಿನ ಕರೆದುಕೊಂಡು ಹೋಗುವವರು ಯಾರು ಎಂದು ಅಲ್ಲೇ ತೀರ್ಮಾನಿಸಿ.